ಎದೆಯ ನಡುವಿನ ನೋಡ್: ಒಂದು ವರದಿಯ ವ್ಯಾಖ್ಯಾನ

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿದವರ ಪೆಟ್-ಸಿಟಿ ವರದಿಗಳಲ್ಲಿ ಕಾಣುವಂಥ ಮೂರು ಸಾಲು, ಅದರ ಬೆನ್ನಿಗೆ ಬರುವ ಬಯಾಪ್ಸಿ ವರದಿಯ ಒಂದು ಸಾಲು ಇಲ್ಲಿವೆ. ಇವನ್ನು ಓದಿ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ.

“ಸಬ್‌ಕ್ಯಾರೈನಲ್ ನೋಡ್, ಶಾರ್ಟ್ ಆಕ್ಸಿಸ್ 14 ಮಿ.ಮೀ.”

ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದ ಕೆಳಗಿರುವ ದುಗ್ಧಗ್ರಂಥಿ ಇದು. ವೈದ್ಯರ ಲೆಕ್ಕದಲ್ಲಿ ಸ್ಟೇಷನ್ 7. ಅಡ್ಡಳತೆ 10 ಮಿ.ಮೀ. ದಾಟಿದರೆ ಸಾಮಾನ್ಯವಾಗಿ ದೊಡ್ಡದಾಗಿದೆ ಎನ್ನುತ್ತಾರೆ. ಯಾಕೆ ದೊಡ್ಡದಾಯಿತೆಂದು ಅಳತೆ ಹೇಳದು.

“ಎಫ್‌ಡಿಜಿ ಅವಿಡ್, ಎಸ್‌ಯುವಿ ಮ್ಯಾಕ್ಸ್ 8.2”

ಎಫ್‌ಡಿಜಿ ಎಂದರೆ ವಿಕಿರಣ ಸೂಸುವಂತೆ ಮಾಡಿದ ಗ್ಲೂಕೋಸ್. ಕ್ಯಾನ್ಸರ್ ಕೋಶ ಅದನ್ನು ಹೆಚ್ಚಾಗಿ ಹೀರುತ್ತದೆ, ಉರಿಯೂತದ ಕೋಶಗಳೂ ಹೀರುತ್ತವೆ. ಎಷ್ಟು ಹೀರಿತೆಂದು ಹೇಳುವ ಅಂಕಿಯೇ ಎಸ್‌ಯುವಿ. ಕ್ಷಯದಲ್ಲೂ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆಯಲ್ಲೂ ಈ ಅಂಕಿ 8 ದಾಟುವುದುಂಟು.

“ಮೆಟಾಸ್ಟ್ಯಾಟಿಕ್ / ಗ್ರಾನ್ಯುಲೊಮೇಟಸ್. ಬಯಾಪ್ಸಿ ಸೂಕ್ತ.”

ವರದಿಯ ಜೀವವೆಲ್ಲ ಆ ಓರೆಗೆರೆಯಲ್ಲಿದೆ. ಎಡಕ್ಕೆ ಕಾಯಿಲೆ ಹರಡಿ ನಾಲ್ಕನೇ ಹಂತ ಮುಟ್ಟಿದೆ. ಬಲಕ್ಕೆ ಗ್ರಾನ್ಯುಲೋಮಾ, ಅಂದರೆ ಉರಿಯೂತದ ಕೋಶಗಳ ಗಂಟು: ಆರು ತಿಂಗಳ ಮಾತ್ರೆಗೆ ಸಾಮಾನ್ಯವಾಗಿ ವಾಸಿಯಾಗುವ ಕ್ಷಯವಿರಬಹುದು. ಇಲ್ಲವೇ ಕ್ಯಾನ್ಸರ್ ಬಂದವರಲ್ಲಿ ಕೆಲವೊಮ್ಮೆ ಕಾಣುವ ಸಾರ್ಕಾಯ್ಡ್‌ನಂಥ ಪ್ರತಿಕ್ರಿಯೆ, ಎಷ್ಟೋ ಸಲ ಅದಕ್ಕೆ ಔಷಧವೇ ಬೇಡ. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಪೆಟ್‌ನಲ್ಲಿ ಕಂಡ ಹೊಳಪೊಂದನ್ನೇ ನಂಬಿ ಕೀಮೋ ಶುರುಮಾಡಬಾರದು. ಒಳಗಿರುವುದು ಕ್ಷಯವಾದರೆ, ಕೀಮೋಗೆ ಕುಗ್ಗಿದ ಮೈಯಲ್ಲಿ ಅದು ಇನ್ನಷ್ಟು ಹರಡೀತು.

ಬಯಾಪ್ಸಿಗೆ ಈಗ ಹೆಚ್ಚಾಗಿ ಇಬಸ್ ಮಾಡುತ್ತಾರೆ. ಬಾಯಿಯ ಮೂಲಕ ಇಳಿಸುವ ಬ್ರಾಂಕೋಸ್ಕೋಪಿನ ತುದಿಯಲ್ಲಿ ಅಲ್ಟ್ರಾಸೌಂಡ್ ಇರುತ್ತದೆ. ಪರದೆಯ ಮೇಲೆ ನೋಡ್ ಕಪ್ಪಗೆ ದುಂಡಗೆ ಕಾಣುತ್ತಿರುವಾಗಲೇ ಸೂಜಿ ಶ್ವಾಸನಾಳದ ಗೋಡೆ ತೂರಿ ಅದರೊಳಗೆ ಹೋಗುತ್ತದೆ. ವೈದ್ಯರು ಹಿಂದಕ್ಕೂ ಮುಂದಕ್ಕೂ ಆಡಿಸಿ ಕೋಶಗಳನ್ನು ಎಳೆದುಕೊಳ್ಳುತ್ತಾರೆ. ಮಂಪರಿನ ಔಷಧ ಸಾಕು, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ತೆಗೆದದ್ದರಲ್ಲಿ ಒಂದು ಪಾಲು ಸ್ಲೈಡಿಗೆ, ಒಂದು ಪಾಲು ಸಲೈನಿನಲ್ಲಿ, ಕ್ಷಯ ಪತ್ತೆಯ ಜೀನ್‌ಎಕ್ಸ್‌ಪರ್ಟ್‌ಗೆ, ಕಲ್ಚರಿಗೆ. ಎಲ್ಲವನ್ನೂ ಫಾರ್ಮಲಿನ್ನಿಗೆ ಹಾಕಿಬಿಟ್ಟರೆ ಕಲ್ಚರ್ ಆಗುವುದಿಲ್ಲ. ಆದ್ದರಿಂದ ಮೊದಲೇ ಕೇಳಿಕೊಳ್ಳಿ. ಕ್ಯಾನ್ಸರ್ ಕೋಶ ಸಿಕ್ಕರೂ ಅಲ್ಲಿಗೆ ನಿಲ್ಲಿಸುವಂತಿಲ್ಲ. ಸ್ತನ ಕ್ಯಾನ್ಸರಿನ ಗುರುತುಗಳಾದ ಇಆರ್, ಪಿಆರ್, ಹರ್2 ಮತ್ತೆ ನೋಡಿಸಬೇಕು. ಹಳೆಯ ಗಡ್ಡೆಯ ಗುಣ ಬದಲಾಗಿರಬಹುದು, ಅಥವಾ ಇದು ಶ್ವಾಸಕೋಶದ ಹೊಸ ಕ್ಯಾನ್ಸರೇ ಆಗಿರಬಹುದು.

“ನೋ ಮ್ಯಾಲಿಗ್ನೆಂಟ್ ಸೆಲ್ಸ್ ಸೀನ್”

ಕ್ಯಾನ್ಸರ್ ಕೋಶ ಕಾಣಲಿಲ್ಲ ಎಂದರ್ಥ. ಆದರೆ ದುಗ್ಧಗ್ರಂಥಿಯ ಕೋಶಗಳಾದ ಲಿಂಫೋಸೈಟ್ ಕಂಡವೆಂದು ಬರೆದಿದ್ದಾರೆಯೇ, ಅದನ್ನು ಮೊದಲು ಹುಡುಕಿ. ಇಲ್ಲದಿದ್ದರೆ ಸೂಜಿ ನೋಡನ್ನೇ ಮುಟ್ಟದಿರಬಹುದು. ಲಿಂಫೋಸೈಟ್ ಇದ್ದೂ ಬೇರೆ ಕಾರಣ ಸಿಗದೆ, ಅನುಮಾನ ಬಲವಾಗಿದ್ದರೆ ಮತ್ತೊಮ್ಮೆ ಇಬಸ್, ಅದೂ ಸಾಲದಿದ್ದರೆ ಕತ್ತಿನ ಬುಡದಲ್ಲಿ ಚಿಕ್ಕದಾಗಿ ಕುಯ್ದು ಮಾಡುವ ಮೀಡಿಯಾಸ್ಟಿನೋಸ್ಕೋಪಿ.