ಪಿಂಡವೂ ಎಡೆಯೂ: ‘ವಂಶವೃಕ್ಷ’ದಲ್ಲಿ ಪಿತೃಕಾರ್ಯದ ವಿಚಾರ

ಗತಿಸಿದ ಹಿರಿಯರಿಗೆ ಅನ್ನವನ್ನಿಡುವ ಆಚಾರವು ಕನ್ನಡನಾಡಿನಲ್ಲಿ ಎಷ್ಟು ವ್ಯಾಪಕವಾಗಿರುವುದೋ, ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಅದರ ವಿಚಾರವು ಅಷ್ಟೇ ವಿರಳವಾಗಿರುವುದು. ಶ್ರಾದ್ಧವನ್ನು ಕುರಿತ ಸಂದರ್ಭವು ಕಾವ್ಯದಲ್ಲಿಯೋ ಕಾದಂಬರಿಯಲ್ಲಿಯೋ ಬಂದರೆ, ಅದನ್ನು ಸನಾತನಧರ್ಮದ ಮಂಡನೆಯೆಂದೋ ಖಂಡನೆಯೆಂದೋ ಓದಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕೊಡುವವನಾರು, ಕೊಳ್ಳುವವನಾರು, ಇವರಿಬ್ಬರ ನಡುವಣ ಸಂಬಂಧವು ಯಾವುದರಿಂದ ಸಿದ್ಧಿಸುತ್ತದೆ ಎಂಬುದೇ ಇಂತಹ ಕೃತಿಗಳ ನಿಜವಾದ ಪ್ರಶ್ನೆ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಮುಖ್ಯವಾಗಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು (1965) ಆಧರಿಸಿ ವಿಚಾರಿಸಲಾಗಿದೆ.

ಈ ಪ್ರಶ್ನೆಯು ಕನ್ನಡಕ್ಕೆ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ರಾಜನೂ ಅವನ ತಾಯಿಯೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಮಗನಾದ ಯಶೋಮತಿಯು ತಂದೆಯ ಸದ್ಗತಿಗಾಗಿ ಮಾಡಿಸುವ ಭೋಜನಕ್ಕೆ ಆ ತಂದೆಯ ಮಾಂಸವೇ ಒದಗುತ್ತದೆ. ಮಗನಲ್ಲಿ ಭಕ್ತಿಗೆ ಕೊರತೆಯಿಲ್ಲ. ಆದರೆ ಅವನು ಯಾರನ್ನುದ್ದೇಶಿಸಿ ಕೊಡುತ್ತಿರುವನೋ ಆತನು ತಂದೆಯಾಗಿ ಎಲ್ಲಿಯೂ ಉಳಿದಿಲ್ಲ. ಕರ್ಮಾನುಸಾರವಾಗಿ ಪುನರ್ಜನ್ಮವುಂಟೆಂದ ಮೇಲೆ ಪಿತೃಲೋಕಕ್ಕೆ ಕಳುಹಿಸಿದ ಅನ್ನವು ಯಾರಿಗೆ ಮುಟ್ಟುವುದೆಂಬ ಜೈನರ ಆಕ್ಷೇಪವನ್ನು ಜನ್ನನು ವಾದವಾಗಿ ಹೇಳದೆ ಕಥೆಯಾಗಿಯೇ ನಡೆಯಿಸಿರುವನು.

ಜನ್ನನು ಕೊಳ್ಳುವವನನ್ನು ಕುರಿತು ಕೇಳಿದ ಸಂಶಯವನ್ನು ‘ವಂಶವೃಕ್ಷ’ವು ಕೊಡುವವನನ್ನು ಕುರಿತು ಕೇಳುತ್ತದೆ. ಕಪಿಲಾತೀರದ ನಂಜನಗೂಡಿನಲ್ಲಿ ಶ್ರೀನಿವಾಸ ಶ್ರೋತ್ರಿಗಳು ಶಾಸ್ತ್ರವನ್ನೇ ಉಸಿರಾಗಿಸಿಕೊಂಡು ಬಾಳಿದವರು. ಮಗನು ಹೊಳೆಯ ಪಾಲಾದ ಬಳಿಕ ವಿಧವೆಯಾದ ಸೊಸೆ ಕಾತ್ಯಾಯನಿಯು ಮೈಸೂರಿನಲ್ಲಿ ಓದಿ, ರಾಜನನ್ನು ಮದುವೆಯಾಗುತ್ತಾಳೆ. ಆಕೆಯ ಮಗ ಚೀನಿಯು ಅಜ್ಜನ ಮನೆಯಲ್ಲಿಯೇ ಉಳಿಯುತ್ತಾನೆ. ಏಕೆಂದರೆ ಮಗುವು ವಂಶಕ್ಕೆ ಸೇರಿದುದು. ಮುಂದೆ ವೃದ್ಧಾಪ್ಯದಲ್ಲಿ ಶ್ರೋತ್ರಿಗಳಿಗೆ ತಾವು ತಂದೆಯೆಂದು ನೆನೆಯುತ್ತ ಬಂದವರ ಔರಸಪುತ್ರರಲ್ಲವೆಂಬುದು ತಿಳಿದು, ಅವರ ಬಾಳಿನ ಅಡಿಗಲ್ಲೇ ಕದಲುತ್ತದೆ.

ಇಲ್ಲಿ ವಾಚಕನು ನಿಂತು ಯೋಚಿಸಬೇಕು. ‘ಪಿಂಡ’ವೆಂಬ ಶಬ್ದಕ್ಕೆ ದೇಹವೆಂದೂ ಅನ್ನದ ಉಂಡೆಯೆಂದೂ ಎರಡರ್ಥಗಳುಂಟು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರೆ’ಯಲ್ಲಿ ಸಪಿಂಡರೆಂದರೆ ಒಂದೇ ದೇಹದ ಅಂಶವುಳ್ಳವರು ಎಂದು ವ್ಯಾಖ್ಯಾನಿಸಿದನು. ವಂಗದೇಶದ ಜೀಮೂತವಾಹನನು ‘ದಾಯಭಾಗ’ದಲ್ಲಿ ಪಿಂಡಪ್ರದಾನದಿಂದ ಉಂಟಾಗುವ ಸಂಬಂಧವನ್ನೇ ದಾಯಕ್ಕೆ ಆಧಾರವಾಗಿ ಹಿಡಿದನು. ಶ್ರೋತ್ರಿಗಳ ದುಃಖವು ಮೊದಲನೆಯ ಅರ್ಥದಿಂದ ಹುಟ್ಟಿದುದು: ದೇಹವು ಆ ವಂಶದ್ದಲ್ಲದ ಮೇಲೆ ಕೊಟ್ಟ ಅನ್ನಕ್ಕೆ ಅಧಿಕಾರವೆಲ್ಲಿಯದು?

ಆದರೆ ಸ್ಮೃತಿಗಳು ಇಷ್ಟು ಕಠಿನವಾಗಿಲ್ಲ. ಮನುವು ಎಣಿಸಿದ ಹನ್ನೆರಡು ಬಗೆಯ ಪುತ್ರರಲ್ಲಿ ಕ್ಷೇತ್ರಜನೂ ದತ್ತಕನೂ ಇರುವುದಲ್ಲದೆ, ಮನೆಯಲ್ಲಿ ಗುಟ್ಟಾಗಿ ಹುಟ್ಟಿ ತಂದೆಯಾರೆಂದು ತಿಳಿಯದ ಗೂಢಜನೂ ಇರುವನು. ಅವನು ತಾಯಿಯ ಗಂಡನಿಗೇ ಸೇರಿದವನು. ನಿಯೋಗವಾಗಿ ಹುಟ್ಟಿದ ಮಗನು ಇಬ್ಬರಿಗೂ ಪಿಂಡಕೊಡುವವನೆಂದು ಯಾಜ್ಞವಲ್ಕ್ಯನು ಹೇಳುವನು. ನಿಯೋಗವು ಕಲಿವರ್ಜ್ಯವೆಂದೂ, ಈ ಕಥೆಯಲ್ಲಿ ಹಿರಿಯರ ಉದ್ದೇಶವು ಶುದ್ಧವಲ್ಲವೆಂದೂ ಆಕ್ಷೇಪಿಸಬಹುದು. ಅದು ದಿಟವೇ, ಆದರೆ ದೋಷವು ಮಾಡಿದವರಿಗೆ ತಗಲುವುದಲ್ಲದೆ, ಆ ಮನೆಯಲ್ಲಿ ಹುಟ್ಟಿ, ಆ ಮನೆಯ ಅಗ್ನಿಯನ್ನು ಕಾಪಾಡಿದವನ ಪುತ್ರತ್ವವು ಅದರಿಂದಲೇ ಅಳಿಯುವುದೆಂದು ಹೇಳಲಾಗದು.

ಹೀಗಿರಲು ಕಾದಂಬರಿಯ ಕೇಂದ್ರದಲ್ಲಿರುವ ವಿಪರ್ಯಾಸವು ಸ್ಪಷ್ಟವಾಗುತ್ತದೆ. ದೇಹಸಂಬಂಧವೇ ಪ್ರಮಾಣವಾದರೆ ಚೀನಿಯು ಕಾತ್ಯಾಯನಿಯ ಮಗನು. ಆಕೆಯ ಹಕ್ಕನ್ನು ಮರುಮದುವೆಯು ಕಿತ್ತುಕೊಳ್ಳಲಾರದು. ಮನೆತನವೇ ಪ್ರಮಾಣವಾದರೆ ಶ್ರೋತ್ರಿಗಳು ನಿಸ್ಸಂಶಯವಾಗಿ ಆ ಮನೆತನದವರು. ಅವರ ಪಿಂಡಗಳು ವ್ಯರ್ಥವಲ್ಲ. ಕಥೆಯಲ್ಲಿಯಾದರೋ ತಾಯಿಗೆ ಮನೆತನದ ನ್ಯಾಯವೂ ವೃದ್ಧರಿಗೆ ದೇಹದ ನ್ಯಾಯವೂ ದೊರೆಯುತ್ತವೆ. ಯಾರಿಗೆ ಯಾವುದು ನೋವುಂಟುಮಾಡುವುದೋ ಅದೇ ಅವರ ಪಾಲಿಗೆ ಬರುತ್ತದೆ. ಸೊಸೆಗೆ ಅನ್ವಯಿಸಿದ ನ್ಯಾಯವನ್ನೇ ಶ್ರೋತ್ರಿಗಳು ತಮಗೂ ಅನ್ವಯಿಸಿಕೊಂಡಿದ್ದರೆ ಕಾದಂಬರಿಯ ದುರಂತವೇ ಇಲ್ಲ. ತಮಗೆ ಅನುಕೂಲವಾದ ಆ ವಾದವನ್ನು ಅವರು ಹಿಡಿಯದಿರುವುದು ಶಾಸ್ತ್ರದ ಒತ್ತಾಯದಿಂದಲ್ಲ, ಸ್ವಂತ ಸತ್ಯನಿಷ್ಠೆಯಿಂದ. ಪಾತ್ರದ ಹಿರಿಮೆಯು ಇಲ್ಲಿಯೇ ಇದೆ. ಆ ನಿಷ್ಠೆಯು ಕಾತ್ಯಾಯನಿಯ ಬಾಳಿಗೆ ಎರವಾಗದೆ ಹೋಯಿತೆಂಬುದೇ ಅದರ ಮಿತಿ. ಗ್ರಂಥಕರ್ತರು ಈ ಎರಡು ನ್ಯಾಯಗಳನ್ನು ಮುಖಾಮುಖಿಯಾಗಿ ನಿಲ್ಲಿಸಿ ವಿಚಾರಿಸಿದ್ದರೆ ಕೃತಿಯು ಇನ್ನಷ್ಟು ತೂಕವುಳ್ಳದ್ದಾಗುತ್ತಿತ್ತೆಂದು ನಮಗೆ ತೋರುವುದು.

ಪುತ್ರನಿಂದ ಪಿತೃವಿಗೆ ಎಂಬ ಒಂದೇ ಎಳೆಯಲ್ಲಿ ಪಿತೃಕಾರ್ಯವನ್ನು ಕಾಣುವುದು ಕನ್ನಡನಾಡಿನ ಸಮಗ್ರ ಅನುಭವವಲ್ಲವೆಂಬುದನ್ನು ಇದರೊಡನೆ ನೆನೆಯಬೇಕು. ನಂಜನಗೂಡಿನಿಂದ ಪಶ್ಚಿಮಕ್ಕೆ ಮಡಿಕೇರಿಯನ್ನು ದಾಟಿ ಸಂಪಾಜೆಯ ಘಟ್ಟವನ್ನಿಳಿದರೆ ಪಯಸ್ವಿನಿಯ ದಡದಲ್ಲಿ ಸುಳ್ಯ ತಾಲ್ಲೂಕಿನ ಕಲ್ಲುಗುಂಡಿಯು ಸಿಕ್ಕುವುದು. ಅರೆಭಾಷೆ, ತುಳು, ಮಲೆಯಾಳ, ಹವ್ಯಕಗನ್ನಡಗಳು ಕೂಡಿ ಬಾಳುವ ಸೀಮೆಯಿದು. ಇಲ್ಲಿ ವೈದಿಕರ ಮನೆಗಳಲ್ಲಿ ತಿಲೋದಕ ಪಿಂಡಗಳಿಂದ ಕೂಡಿದ ಶ್ರಾದ್ಧವು ನಡೆಯುವುದು. ಭಾಗಮಂಡಲದ ಸಂಗಮದಲ್ಲಿ ಪಿಂಡಬಿಡುವವರೂ ಉಂಟು. ಉಳಿದ ಅನೇಕ ಮನೆಗಳಲ್ಲಿ ಹಿರಿಯರಿಗೆ ಬಡಿಸುವುದೇ ಮುಖ್ಯ. ಆಟಿ ತಿಂಗಳಿನಲ್ಲಿಯೋ ದೀಪಾವಳಿಯ ಸಮಯದಲ್ಲಿಯೋ ಬಾಳೆಲೆಯ ಮೇಲೆ ಎಡೆಯಿಟ್ಟು, ಗತಿಸಿದವರಿಗೆ ಪ್ರಿಯವಾದುದನ್ನು, ಕೋಳಿ ಮೀನುಗಳನ್ನು ಸಹ, ಬಡಿಸಿ, ಬಾಗಿಲನ್ನು ಮರೆಮಾಡಿ ಕೆಲಹೊತ್ತು ಕಾದು, ಅನಂತರ ಮನೆಯವರು ಉಣ್ಣುವರು.

ಗೌಡರಂತೆ ತಂದೆಯ ಕಡೆಯಿಂದ ಮನೆತನವನ್ನೆಣಿಸುವವರಲ್ಲಿಯೂ, ಬಂಟರು ಬಿಲ್ಲವರಂತೆ ಅಳಿಯಸಂತಾನದ ಸಂಪ್ರದಾಯವುಳ್ಳವರಲ್ಲಿಯೂ ಈ ಬಡಿಸುವಿಕೆಯ ರೀತಿಯು ಬಹುಮಟ್ಟಿಗೆ ಒಂದೇ. ಆದುದರಿಂದ ಇದರ ಆಧಾರವು ಬೀಜವಲ್ಲ, ಮನೆ. ಮದುವೆಯಾಗದೆ ಸತ್ತವರಿಗೆ ಆಟಿಯಲ್ಲಿ ಮದುವೆಮಾಡಿಸುವ ತುಳುವರ ಆಚಾರವು ಇನ್ನೂ ಮಹತ್ತ್ವದ್ದು. ಅಲ್ಲಿ ಪುತ್ರನೇ ಇಲ್ಲದವರೂ ಮರೆಯಲ್ಪಡುವುದಿಲ್ಲ. ವೈದಿಕ ಮಹಾಲಯದಲ್ಲಿಯೂ ಗುರು, ಮಿತ್ರ, ಬಂಧುಹೀನ ಮೊದಲಾದವರಿಗೆ ಪಾಲಿರುವುದನ್ನು ನೋಡಿದರೆ ಶಾಸ್ತ್ರಕ್ಕೂ ಆಚಾರಕ್ಕೂ ಇರುವ ಅಂತರವು ನಾವು ಭಾವಿಸಿದಷ್ಟು ದೊಡ್ಡದಲ್ಲ.

ಹೀಗೆಂದು ಮನೆಯ ನ್ಯಾಯವನ್ನು ಅತಿಯಾಗಿ ಹೊಗಳಲಾಗದು. ಕಾತ್ಯಾಯನಿಯನ್ನು ಮಗನಿಂದ ಅಗಲಿಸಿದುದು ಆ ನ್ಯಾಯವೇ. ಮನೆಯನ್ನು ಬಿಟ್ಟುಹೋದ ಹೆಣ್ಣಿಗೆ ಯಾವ ಮನೆಯ ಎಲೆಯಲ್ಲಿ ಎಡೆ ಎಂಬ ಪ್ರಶ್ನೆಗೆ ಕಲ್ಲುಗುಂಡಿಯ ಸೀಮೆಯೂ ಸುಲಭವಾದ ಉತ್ತರವನ್ನು ಕೊಡಲಾರದು.

‘ವಂಶವೃಕ್ಷ’ವನ್ನು ಪಾಠಹೇಳುವ ಅಧ್ಯಾಪಕರು ಶ್ರೋತ್ರಿಗಳ ಸಂಕಟವನ್ನು ಶಾಸ್ತ್ರದ ತೀರ್ಪೆಂದು ತಿಳಿಸಬಾರದು, ಅದು ಶಾಸ್ತ್ರವು ತೆರೆದಿಟ್ಟ ದಾರಿಗಳಲ್ಲಿ ಅತ್ಯಂತ ಕಠಿನವಾದುದನ್ನು ಆರಿಸಿಕೊಂಡ ವ್ಯಕ್ತಿಯೊಬ್ಬನ ಸಂಕಟ. ಹಾಗೆ ಓದಿದಲ್ಲಿ, ಹಿರಿಯರಿಗೆ ಎಡೆಯಿಡುವ ಮನೆಯಿಂದ ಬಂದ ವಿದ್ಯಾರ್ಥಿಯು ತನ್ನ ಮನೆಯ ಆಚಾರವನ್ನು ಶ್ರಾದ್ಧದ ಅಪಭ್ರಂಶವೆಂದು ಭಾವಿಸನು. ಅದೇ ಪ್ರಶ್ನೆಗೆ ಇನ್ನೊಂದು ಉತ್ತರವೆಂದು ತಿಳಿದು ಕಾದಂಬರಿಯೊಡನೆ ವಾದಿಸಬಲ್ಲನು.