ಹೋಟೆಲು ಸಮೂಹಗಳಲ್ಲಿ ನಾಮಾಂತರ: ಒಂದು ವಿಮರ್ಶೆ

ಊರುಗಳ ಹೆಸರು ಬದಲಾಗುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳು ಬಹುಕಾಲದಿಂದ ಪರಿಶೀಲಿಸುತ್ತ ಬಂದಿರುವರು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಗ್ರಾಮವೊಂದನ್ನು ಅಗ್ರಹಾರವಾಗಿ ಬಿಟ್ಟುಕೊಡುವಾಗ ಅರಸನ ಅಥವಾ ದಾನಿಯ ಹೆಸರಿನಲ್ಲಿ ಅದಕ್ಕೊಂದು ‘ಪ್ರತಿನಾಮ’ವನ್ನು ಕೊಡುತ್ತಿದ್ದ ಪದ್ಧತಿ ಎಲ್ಲರಿಗೂ ವಿದಿತವಾದುದೇ ಆಗಿದೆ. ನಮ್ಮ ದೇವನಹಳ್ಳಿಗೆ ಟಿಪ್ಪು ಸುಲ್ತಾನನು ಯೂಸುಫಾಬಾದ್ ಎಂಬ ಹೆಸರನ್ನಿತ್ತನು. ಜನರ ನಾಲಗೆಯಲ್ಲಿ ಅದು ನಿಲ್ಲಲಿಲ್ಲ. ಈಗ ಊರುಗಳಿಗಿಂತಲೂ ಬೇಗ ಬೇಗ ಹೆಸರು ಬದಲಿಸುವ ಬಗೆಯೊಂದು ನಮ್ಮ ಕಣ್ಣೆದುರಿಗೆ ಬೆಳೆದು ನಿಂತಿದೆ. ಅವೇ ದೊಡ್ಡ ಹೋಟೆಲುಗಳು. ಒಡೆತನ ಕೈಬದಲಾದಾಗ ಹೆಸರೂ ಬದಲಾಗುವುದು ಸಹಜ. ಅದರಲ್ಲಿ ವಿಚಾರಿಸತಕ್ಕುದು ಹೆಚ್ಚಿಲ್ಲ. ಆದರೆ ಹೋಟೆಲು ಅದೇ ಸಮೂಹದಲ್ಲಿ ಉಳಿದುಕೊಂಡು, ಆ ಸಮೂಹದ ಒಂದು ಬ್ರ್ಯಾಂಡನ್ನು ಕಳಚಿ ಇನ್ನೊಂದನ್ನು ತೊಡುವುದೇಕೆ? ಈ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಎತ್ತಿಕೊಂಡಿದ್ದೇವೆ.

ಇದು ವಾಣಿಜ್ಯಶಾಸ್ತ್ರದ ವಿಷಯವೆಂದೂ ಇತಿಹಾಸಕಾರರಿಗೆ ಇಲ್ಲಿ ಕೆಲಸವಿಲ್ಲವೆಂದೂ ಆಕ್ಷೇಪ ಬರಬಹುದು. ಆದರೆ ಹೆಸರೆಂಬುದು ಸಾಕ್ಷ್ಯ. ಬೆಂಗಳೂರು ಗ್ರಾಮಾಂತರ ಪ್ರದೇಶದ ಕಳೆದ ಎರಡು ದಶಕಗಳ ಚರಿತ್ರೆಯನ್ನು ಮುಂದೆ ಬರೆಯುವವರು ವಿಮಾನನಿಲ್ದಾಣವನ್ನೂ ಅದರ ಸುತ್ತ ಎದ್ದ ಹೋಟೆಲುಗಳನ್ನೂ ಬಿಟ್ಟು ಬರೆಯಲಾರರು. ಸಾಕ್ಷ್ಯವು ಹೇಗೆ ಹುಟ್ಟುತ್ತದೆ, ಏಕೆ ಬದಲಾಗುತ್ತದೆ ಎಂಬುದನ್ನು ತಿಳಿಯದೆ ಅದನ್ನು ಉಪಯೋಗಿಸುವುದು ಸಲ್ಲದು.

೧

ಮೊದಲು ಸಂಗತಿಗಳನ್ನು ನೋಡೋಣ. ನಮ್ಮ ನಾಡಿನಲ್ಲಿ ಈ ಬಗೆಯ ನಾಮಾಂತರಕ್ಕೆ ಸ್ಪಷ್ಟವಾದ ಉದಾಹರಣೆಗಳು ಇಂಡಿಯನ್ ಹೋಟೆಲ್ಸ್ ಕಂಪೆನಿಯಲ್ಲಿ ದೊರೆಯುತ್ತವೆ. ೧೯೦೩ರಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲನ್ನು ತೆರೆದ ಟಾಟಾ ಮನೆತನದ ಕಂಪೆನಿಯಿದು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಈ ಕಂಪೆನಿಯ ‘ತಾಜ್ ರೆಸಿಡೆನ್ಸಿ’ ಎಂಬ ಹೋಟೆಲಿದ್ದಿತು. ೨೦೧೦ರಲ್ಲಿ ಕಂಪೆನಿಯು ‘ವಿವಾಂತ ಬೈ ತಾಜ್’ ಎಂಬ ಬ್ರ್ಯಾಂಡನ್ನು ಹೊರತಂದಾಗ ಈ ಹೋಟೆಲು ಆ ಹೆಸರನ್ನು ಪಡೆಯಿತು; ೨೦೧೭ರ ನಿರ್ಧಾರದ ಬಳಿಕ ಮತ್ತೆ ‘ತಾಜ್’ ಆಯಿತು. ಯಶವಂತಪುರದಲ್ಲಿ ವಿವಾಂತವಾಗಿ ತೆರೆದ ಹೋಟೆಲೂ ಹಾಗೆಯೇ ತಾಜ್ ಆಯಿತು. ರೆಸಿಡೆನ್ಸಿ ರಸ್ತೆಯಲ್ಲಿದ್ದ ‘ಗೇಟ್‌ವೇ’ ಹೋಟೆಲು ವಿವಾಂತವಾಯಿತು. ಮಂಗಳೂರಿನ ‘ತಾಜ್ ಮಂಜರೂನ್’ ಮೊದಲು ಗೇಟ್‌ವೇ ಆಗಿ, ಅನಂತರ ವಿವಾಂತವಾಗಿ, ಮೂರು ಹೆಸರುಗಳನ್ನು ಕಂಡಿತು. ಮಡಿಕೇರಿಯ ಮತ್ತು ಕಾಸರಗೋಡು ಜಿಲ್ಲೆಯ ಬೇಕಲದ ವಿಹಾರಧಾಮಗಳು ವಿವಾಂತಗಳಾಗಿದ್ದು ಈಗ ತಾಜ್‌ಗಳಾಗಿವೆ.

ಕೆಳಗಿನ ದರ್ಜೆಯಲ್ಲಿಯೂ ಇಂತಹುದೇ ಸಂಗತಿ ನಡೆದಿದೆ. ೨೦೦೪ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ‘ಇಂಡಿಒನ್’ ಎಂಬ ಹೆಸರಿನಿಂದ ಈ ಕಂಪೆನಿಯ ಅಗ್ಗದ ದರದ ಮೊದಲ ಹೋಟೆಲು ತೆರೆಯಿತು. ೨೦೦೬ರಲ್ಲಿ ಅದು ‘ಜಿಂಜರ್’ ಆಯಿತು. ಪ್ರಯೋಗರೂಪದಲ್ಲಿದ್ದ ಒಂದು ಹೋಟೆಲು ದೇಶದಾದ್ಯಂತ ಹರಡಬೇಕಾದಾಗ ಸ್ಥಿರವಾದ ಹೆಸರನ್ನು ಪಡೆದುದರಲ್ಲಿ ಆಕ್ಷೇಪಿಸತಕ್ಕುದೇನೂ ಇಲ್ಲ. ವಿಮರ್ಶೆಗೆ ಎಡೆಗೊಡುವವು ಮೇಲಣ ದರ್ಜೆಗಳ ಏರಿಳಿತಗಳೇ.

೨

ಇಂತಹ ಬದಲಾವಣೆಗಳಾದಾಗ ಸಮೂಹಗಳು ಸಾಮಾನ್ಯವಾಗಿ ಕೊಡುವ ಕಾರಣವೊಂದೇ: ಅತಿಥಿಗಳ ಅಭಿರುಚಿ ಬದಲಾಗಿದೆ, ಅದಕ್ಕೆ ಅನುಗುಣವಾಗಿ ಹೆಸರೂ ಬದಲಾಗಬೇಕು ಎಂಬುದು. ಈ ಮಾತನ್ನು ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಕಂಪೆನಿಯು ೨೦೦೮ರಲ್ಲಿ ಗೇಟ್‌ವೇಯನ್ನೂ ೨೦೧೦ರಲ್ಲಿ ವಿವಾಂತವನ್ನೂ ಬೇರ್ಪಡಿಸಿದುದು, ಒಂದೇ ‘ತಾಜ್’ ಎಂಬ ಹೆಸರಿನಡಿಯಲ್ಲಿ ಅರಮನೆಗಳೂ ವ್ಯಾಪಾರಸ್ಥರ ಹೋಟೆಲುಗಳೂ ಬೆರೆತುಹೋಗಿದ್ದವೆಂಬ ವಿಚಾರದಿಂದ. ೨೦೧೭ರ ಫೆಬ್ರವರಿಯಲ್ಲಿ ಇದಕ್ಕೆ ವಿರುದ್ಧವಾದ ನಿರ್ಧಾರವಾಯಿತು: ತಾಜ್, ವಿವಾಂತ, ಗೇಟ್‌ವೇಗಳೆಲ್ಲವೂ ತಾಜ್ ಎಂಬ ಒಂದೇ ಹೆಸರಿನ ಕೆಳಗೆ ಬರಬೇಕೆಂದು. ಅದೇ ವರ್ಷದ ನವೆಂಬರಿನಲ್ಲಿ ಕಂಪೆನಿಗೆ ಹೊಸ ವ್ಯವಸ್ಥಾಪಕ ನಿರ್ದೇಶಕರು ಬಂದರು. ಮುಂದಿನ ಒಂದೆರಡು ವರ್ಷಗಳಲ್ಲಿಯೇ ವಿವಾಂತವು ‘ಬೈ ತಾಜ್’ ಎಂಬ ಬಾಲವನ್ನು ಕಳೆದುಕೊಂಡು ಪ್ರತ್ಯೇಕ ಬ್ರ್ಯಾಂಡಾಗಿ ನಿಂತಿತು. ೨೦೧೯ರಲ್ಲಿ ‘ಸೆಲೆಕ್ಷನ್ಸ್’ ಎಂಬ ಮತ್ತೊಂದು ಬ್ರ್ಯಾಂಡು ಹುಟ್ಟಿತು. ೨೦೨೪ರಲ್ಲಿ ಗೇಟ್‌ವೇ ಹೊಸ ರೂಪದಲ್ಲಿ ಮರಳಿತು. ಬೇರ್ಪಡಿಸುವುದಕ್ಕೂ ಕೂಡಿಸುವುದಕ್ಕೂ ಮತ್ತೆ ಬೇರ್ಪಡಿಸುವುದಕ್ಕೂ ಅತಿಥಿಯ ಅಭಿರುಚಿಯೇ ಕಾರಣವೆನ್ನುವುದಾದರೆ, ಎರಡೇ ವರ್ಷಗಳಲ್ಲಿ ಆ ಅಭಿರುಚಿ ಒಮ್ಮೆ ತಲೆಕೆಳಗಾಗಿ ಮತ್ತೆ ಮೇಲಾಗಿರಬೇಕು. ಇದು ನಂಬತಕ್ಕ ಮಾತಲ್ಲ.

ಕಟ್ಟಡದ ಸ್ಥಿತಿಯೇ ಕಾರಣವೆಂಬುದು ಎರಡನೆಯ ವಾದ. ಹಳತಾದ ಹೋಟೆಲು ಕೆಳಗಿಳಿಯುತ್ತದೆ, ನವೀಕರಣಗೊಂಡುದು ಮೇಲೇರುತ್ತದೆ ಎಂಬುದರಲ್ಲಿ ಸತ್ಯಾಂಶವುಂಟು. ಪ್ರತಿಯೊಂದು ಬ್ರ್ಯಾಂಡಿಗೂ ಕೊಠಡಿಯ ವಿಸ್ತಾರ, ಉಪಾಹಾರ ಮಂದಿರಗಳ ಸಂಖ್ಯೆ, ಈಜುಕೊಳ, ಕೊಠಡಿಗೆ ಇಷ್ಟು ಮಂದಿ ನೌಕರರು ಎಂಬಿತ್ಯಾದಿ ಲಿಖಿತ ನಿಯಮಗಳಿರುತ್ತವೆ. ಅವನ್ನು ಪೂರೈಸಲಾರದ ಕಟ್ಟಡಕ್ಕೆ ಆ ಹೆಸರಿನಲ್ಲಿ ಸ್ಥಳವಿಲ್ಲ. ಒಂಟಿ ಹೋಟೆಲೊಂದರ ಬದಲಾವಣೆಗೆ ಈ ಕಾರಣವು ಸಾಕಾದೀತು. ಆದರೆ ಅನೇಕ ಊರುಗಳ ಹೋಟೆಲುಗಳು ಒಂದೇ ನಿರ್ಧಾರದ ಫಲವಾಗಿ ಒಟ್ಟಿಗೆ ಹೆಸರು ಬದಲಿಸಿದಾಗ, ಅದರ ಕಾರಣವನ್ನು ಒಂದೊಂದು ಕಟ್ಟಡದ ಗೋಡೆಯಲ್ಲಿ ಹುಡುಕುವುದು ವ್ಯರ್ಥ.

೩

ಹಾಗಾದರೆ ನಿಜವಾದ ಕಾರಣವೇನು? ದೊಡ್ಡ ಹೋಟೆಲುಗಳ ವ್ಯವಸ್ಥೆಯಲ್ಲಿ ನೆಲ ಮತ್ತು ಕಟ್ಟಡ, ಆಡಳಿತ, ಹೆಸರು ಈ ಮೂರೂ ಒಬ್ಬರ ಕೈಯಲ್ಲಿರಬೇಕೆಂಬ ನಿಯಮವಿಲ್ಲ. ನೆಲವನ್ನು ಕೊಂಡು ಕಟ್ಟಡವನ್ನು ಎಬ್ಬಿಸಿ ಸಾಲವನ್ನು ಹೊರುವವನು ಒಬ್ಬ. ನಿರ್ವಹಣಾ ಒಪ್ಪಂದದ ಮೇರೆಗೆ ಹೋಟೆಲನ್ನು ನಡೆಸಿ, ಆದಾಯದಲ್ಲಿ ಇಷ್ಟು ಪಾಲು, ಲಾಭದಲ್ಲಿ ಇಷ್ಟು ಪಾಲು ಎಂದು ಶುಲ್ಕ ಪಡೆಯುವುದು ಹೆಸರುಳ್ಳ ಕಂಪೆನಿ. ಈ ಒಪ್ಪಂದಗಳು ದೀರ್ಘಾವಧಿಯವು. ನಡುವೆ ಮುರಿದರೆ ಪರಿಹಾರ ತೆರಬೇಕಾಗುತ್ತದೆ. ಮೇಲಣ ಬ್ರ್ಯಾಂಡಿನ ನಿಯಮಗಳನ್ನು ಪೂರೈಸುವ ಖರ್ಚು ಕಟ್ಟಡದ ಒಡೆಯನ ತಲೆಯ ಮೇಲೆ ಬೀಳುತ್ತದೆ. ಅದನ್ನು ಆತನು ಒಪ್ಪದಿದ್ದಾಗ ಕಂಪೆನಿಯು ಹೋಟೆಲನ್ನು ಕಳೆದುಕೊಳ್ಳಲೂ ಇಚ್ಛಿಸದು, ತನ್ನ ಮೇಲಣ ಹೆಸರನ್ನು ಹಾಗೆಯೇ ಬಿಟ್ಟುಕೊಡಲೂ ಇಚ್ಛಿಸದು. ಒಡೆಯನಿಗೂ ಕಂಪೆನಿಯ ಕಾಯ್ದಿರಿಸುವಿಕೆಯ ಜಾಲ, ಅದರ ಕಾಯಂ ಗಿರಾಕಿಗಳು ಬೇಕು. ಆಗ ಕಿರಿಯ ಬ್ರ್ಯಾಂಡು ರಾಜಿಯ ಸೂತ್ರವಾಗುತ್ತದೆ. ಒಡೆಯನು ಖರ್ಚು ಮಾಡಲು ಸಿದ್ಧನಾದಾಗ ಇದೇ ಸೂತ್ರ ಮೇಲ್ಮುಖವಾಗಿ ನಡೆಯುತ್ತದೆ.

ಇನ್ನೊಂದು ಕಾರಣ ಸೀಮೆಯದು. ಇಂತಿಷ್ಟು ದೂರದೊಳಗೆ ಇದೇ ಬ್ರ್ಯಾಂಡಿನ ಮತ್ತೊಂದು ಹೋಟೆಲನ್ನು ತೆರೆಯಕೂಡದೆಂದು ಒಡೆಯರು ಒಪ್ಪಂದದಲ್ಲಿ ಬರೆಸಿಕೊಳ್ಳುವುದುಂಟು. ಕಂಪೆನಿಗೆ ಅದೇ ಸೀಮೆಯಲ್ಲಿ ಬೆಳೆಯಬೇಕೆಂದಿದ್ದರೆ ಬೇರೆ ಹೆಸರು ಬೇಕು. ಕೆಳದಿ ನಾಯಕರ ಕೋಟೆಯಿಂದ ಪ್ರಸಿದ್ಧವಾದ ಬೇಕಲದ ಕರಾವಳಿಯಲ್ಲಿ ಈಗ ಒಂದೇ ಕಂಪೆನಿಯ ತಾಜ್ ಒಂದು, ೨೦೨೪ರಲ್ಲಿ ತೆರೆದ ಗೇಟ್‌ವೇ ಒಂದು ಇವೆ. ಎರಡು ಮನೆಗಳು ಒಂದೇ ಊರಿಗೆ ಬಂದಾಗ ಮೆಟ್ಟಿಲುಗಳನ್ನು ಬೇರ್ಪಡಿಸದೆ ಗತಿಯಿಲ್ಲ.

ಇದು ನಮ್ಮ ದೇಶದ ವಿಶೇಷವೂ ಅಲ್ಲ. ಅಮೆರಿಕದಲ್ಲಿ ೧೯೫೨ರಲ್ಲಿ ರಸ್ತೆಬದಿಯ ಹೋಟೆಲಾಗಿ ಹುಟ್ಟಿದ ‘ಹಾಲಿಡೇ ಇನ್’ ೧೯೮೩ರಲ್ಲಿ ‘ಹಾಲಿಡೇ ಇನ್ ಕ್ರೌನ್ ಪ್ಲಾಜಾ’ ಎಂಬ ಮೇಲ್ದರ್ಜೆಯನ್ನು ತಂದಿತು. ೧೯೯೪ರಲ್ಲಿ ಮಗುವಿನ ಹೆಸರಿನಿಂದ ತಾಯಿಯ ಹೆಸರನ್ನು ತೆಗೆಯಲಾಯಿತು. ತಾಯಿಯ ಹೆಸರು ಅಗ್ಗದ ದರವನ್ನು ನೆನಪಿಗೆ ತರುತ್ತಿದ್ದುದರಿಂದ ಅದನ್ನು ಬಿಡಬೇಕಾಯಿತು. ‘ಬೈ ತಾಜ್’ ಎಂಬುದನ್ನು ತೆಗೆದುದಕ್ಕೆ ಕಾರಣ ಇದರ ವಿಪರ್ಯಾಸ: ಇಲ್ಲಿ ತಾಯಿಯ ಹೆಸರೇ ದುಬಾರಿಯಾದುದು, ಅದನ್ನು ಎಲ್ಲ ಮಕ್ಕಳಿಗೂ ಹಂಚಿದರೆ ಸವೆದುಹೋಗುವಂತಹುದು. ೨೦೧೬ರಲ್ಲಿ ಮ್ಯಾರಿಯಟ್ ಕಂಪೆನಿಯು ಸ್ಟಾರ್‌ವುಡ್ಡನ್ನು ಕೊಂಡಾಗ ಅದರ ಕೈಯಲ್ಲಿ ೩೦ ಬ್ರ್ಯಾಂಡುಗಳು ಸೇರಿದುವು. ಇಷ್ಟೊಂದು ಮೆಟ್ಟಿಲುಗಳಿರುವಾಗ ಹೋಟೆಲುಗಳು ಒಂದರಿಂದೊಂದಕ್ಕೆ ಸರಿಯುವುದು ಆಶ್ಚರ್ಯವಲ್ಲ.

ಒಟ್ಟಿನಲ್ಲಿ ನಮ್ಮ ಮತವಿದು: ಮನೆಯನ್ನು ಬದಲಿಸಲು ಕೋಟಿಗಳು ಬೇಕು, ಒಪ್ಪಂದವನ್ನು ಬದಲಿಸಲು ವ್ಯಾಜ್ಯಕ್ಕೆ ಸಿದ್ಧರಾಗಬೇಕು. ಇವೆರಡರ ಮುಂದೆ ಹೆಸರಿನ ಬದಲಾವಣೆಯೇ ಸುಲಭ. ಆದುದರಿಂದ ಒಡೆಯನಿಗೂ ಕಂಪೆನಿಗೂ ನಡುವೆ, ಅಥವಾ ಕಂಪೆನಿಯ ಒಳಗೆಯೇ, ಏನೊಂದು ಹೊಂದಾಣಿಕೆಯಾದರೂ ಅದು ಕೊನೆಗೆ ಫಲಕದ ಮೇಲೆ ಬಂದು ಕಾಣಿಸಿಕೊಳ್ಳುತ್ತದೆ. ಅತಿಥಿಯ ಅಭಿರುಚಿಯೆಂಬುದು ಆ ಹೊಂದಾಣಿಕೆಗೆ ಅನಂತರ ಬರೆದ ಪೀಠಿಕೆ.

೪

ದೇವನಹಳ್ಳಿಯ ಸೀಮೆಗೆ ಬರೋಣ. ಇಲ್ಲಿಯ ವಿಮಾನನಿಲ್ದಾಣವು ೨೦೦೮ರ ಮೇ ತಿಂಗಳಲ್ಲಿ ತೆರೆಯಿತು; ೨೦೧೩ರಲ್ಲಿ ಕೆಂಪೇಗೌಡರ ಹೆಸರನ್ನು ಪಡೆಯಿತು. ೨೦೧೪ರ ನವೆಂಬರ್ ೧ರಂದು ರಾಜಧಾನಿಯ ಹೆಸರು ಇಂಗ್ಲಿಷಿನಲ್ಲಿಯೂ ಅಧಿಕೃತವಾಗಿ ‘ಬೆಂಗಳೂರು’ ಎಂದಾಯಿತು. ಮರುವರ್ಷ, ಎಂದರೆ ೨೦೧೫ರಲ್ಲಿ, ನಿಲ್ದಾಣದ ಆವರಣದಲ್ಲಿ ೧೫೪ ಕೊಠಡಿಗಳ ಹೋಟೆಲು ತೆರೆದಾಗ ಅದರ ಹೆಸರು ‘ತಾಜ್ ಬ್ಯಾಂಗಲೋರ್’. ಕಟ್ಟಡದ ಒಡೆತನ ವಿಮಾನನಿಲ್ದಾಣ ಸಂಸ್ಥೆಯ ಅಂಗಸಂಸ್ಥೆಯದು, ನಿರ್ವಹಣೆ ಮತ್ತು ಹೆಸರು ತಾಜ್‌ನದು, ನೆಲ ದೇವನಹಳ್ಳಿ ತಾಲ್ಲೂಕಿನದು. ನೆಲದ ಹೆಸರಿಗೆ ಮಾತ್ರ ಫಲಕದಲ್ಲಿ ಸ್ಥಳವಿಲ್ಲ. ನಗರದ ಬಿಟ್ಟುಕೊಟ್ಟ ಹೆಸರಿಗಾದರೋ ಸ್ಥಳವಿದೆ. ಪರದೇಶದ ಪ್ರಯಾಣಿಕನು ಗುರುತಿಸುವ ಹೆಸರು ಯಾವುದೋ ಅದೇ ಬೆಲೆಯುಳ್ಳದೆಂಬ ನ್ಯಾಯವಿದು.

ಇದೇ ಆವರಣಕ್ಕಾಗಿ ಅನಂತರ ರೂಪುಗೊಂಡ ಯೋಜನೆ ಇನ್ನೂ ಬೋಧಪ್ರದ. ಒಟ್ಟು ೭೭೫ ಕೊಠಡಿಗಳ ಒಂದು ಸಂಕೀರ್ಣವನ್ನು ವಿವಾಂತಕ್ಕೆ ೪೫೦, ಜಿಂಜರ್‌ಗೆ ೩೨೫ ಎಂದು ಪಾಲುಮಾಡಿ ಯೋಜಿಸಲಾಯಿತು. ಒಂದೇ ಒಡೆಯ, ಒಂದೇ ನಿರ್ವಾಹಕ ಕಂಪೆನಿ, ಎರಡು ಬ್ರ್ಯಾಂಡು. ಇಲ್ಲಿ ಬ್ರ್ಯಾಂಡೆಂಬುದು ನಕ್ಷೆಯ ಮೇಲೆ ಎಳೆದ ಗೆರೆಯೆಂಬುದು ಸ್ಪಷ್ಟವಾಗುತ್ತದೆ. ನಂದಿಬೆಟ್ಟದ ಕಡೆಗೆ ೨೦೨೨ರಲ್ಲಿ ತೆರೆದ ಜೆ. ಡಬ್ಲ್ಯು. ಮ್ಯಾರಿಯಟ್ ವಿಹಾರಧಾಮ, ನಿಲ್ದಾಣದ ದಾರಿಯಲ್ಲಿ ೨೦೨೩ರಲ್ಲಿ ತೆರೆದ ‘ಮಾಕ್ಸಿ’ ಇವೆರಡರ ಒಡೆತನವೂ ಪ್ರೆಸ್ಟೀಜ್ ಸಮೂಹದ್ದು, ಬ್ರ್ಯಾಂಡುಗಳೆರಡೂ ಮ್ಯಾರಿಯಟ್ಟಿನವು. ಒಂದು ವೈಭವಕ್ಕೆ, ಇನ್ನೊಂದು ಎಳೆಯ ಪ್ರಾಯದ ಪ್ರಯಾಣಿಕರಿಗೆ ಎಂದು ಹಂಚಿಕೆ. ಈ ಸೀಮೆಯ ಹೋಟೆಲುಗಳು ಮುಂದೆ ಹೆಸರು ಬದಲಿಸಿದರೆ ಅದಕ್ಕೆ ಬೇಕಾದ ಏರ್ಪಾಡು ಈಗಲೇ ಸಿದ್ಧವಾಗಿದೆಯೆಂದು ತಿಳಿಯಬಹುದು.

೫

ಹೆಸರು ಬದಲಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸೌತ್ ಪೆರೇಡ್ ೧೯೪೮ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾಯಿತು. ನಮ್ಮ ಜಿಲ್ಲೆಯನ್ನು ಬೆಂಗಳೂರು ಉತ್ತರವೆಂದು ಕರೆಯಲು ೨೦೨೫ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ತೀರ್ಮಾನಿಸಿತು. ಇಂತಹವುಗಳ ಒಳಿತು ಕೆಡುಕುಗಳನ್ನು ಸಾರ್ವಜನಿಕರು ಚರ್ಚಿಸಬಹುದು. ನಿರ್ಧಾರಕ್ಕೆ ದಿನಾಂಕವಿರುತ್ತದೆ, ದಾಖಲೆಯಿರುತ್ತದೆ. ಶಾಸನಗಳು ಇನ್ನೂ ಪ್ರಾಮಾಣಿಕವಾದುವು: ಪ್ರತಿನಾಮವನ್ನು ಹೇಳುವಾಗ ಮೂಲನಾಮವನ್ನೂ ಹೇಳಿ, ನಾಲ್ಕು ದಿಕ್ಕಿನ ಎಲ್ಲೆಗಳನ್ನೂ ಕಾಣಿಸುತ್ತವೆ. ಹೋಟೆಲಿನ ನಾಮಾಂತರವಾದರೋ ಮೂಲನಾಮವನ್ನು ಅಳಿಸುವುದರಲ್ಲಿಯೇ ತನ್ನ ಸಾರ್ಥಕ್ಯವನ್ನು ಕಾಣುತ್ತದೆ. ಹಳೆಯ ಫಲಕ ಇಳಿದೊಡನೆ ಹಳೆಯ ಪ್ರಚಾರಪತ್ರಗಳೂ ಕಣ್ಮರೆಯಾಗುತ್ತವೆ. ಹೆಸರನ್ನು ನಂಬಿ ಹಣ ಕೊಡುವ ಅತಿಥಿಗೆ, ತಾನು ಕೊಂಡುದು ಮನೆಯ ಗುಣವನ್ನೋ ಕಂಪೆನಿಯ ಅಂದಿನ ನಿರ್ಧಾರವನ್ನೋ ಎಂಬುದು ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದವನು ತನ್ನ ಅನುಭವಪತ್ರಗಳಲ್ಲಿ ಮೂರು ಹೋಟೆಲುಗಳ ನೌಕರನಂತೆ ಕಾಣಿಸುತ್ತಾನೆ. ಸ್ಥಳೀಯ ಚರಿತ್ರೆಯನ್ನು ಬರೆಯುವವನು ಒಂದು ಮನೆಯನ್ನು ಮೂರಾಗಿ ಎಣಿಸುವ ಅಪಾಯವೂ ಇದೆ.

ಆದುದರಿಂದ ಇಂತಹ ನಾಮಾಂತರವನ್ನು ಎದುರಿಸುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕು. ಮನೆ ಬದಲಾಯಿತೆ? ಒಪ್ಪಂದ ಬದಲಾಯಿತೆ? ಅಥವಾ ಕಂಪೆನಿಯ ಮೆಟ್ಟಿಲುಗಳ ಜೋಡಣೆ ಮಾತ್ರ ಬದಲಾಯಿತೆ? ಮೊದಲನೆಯದಕ್ಕೆ ಕಟ್ಟಡದ ಪರವಾನಗಿಗಳು, ಎರಡನೆಯದಕ್ಕೆ ಒಡೆಯ ಕಂಪೆನಿಗಳ ವಾರ್ಷಿಕ ವರದಿಗಳು, ಮೂರನೆಯದಕ್ಕೆ ಒಂದೇ ವರ್ಷದಲ್ಲಿ ಇತರ ಊರುಗಳಲ್ಲಿ ಆದ ನಾಮಾಂತರಗಳ ಹೋಲಿಕೆ ಆಧಾರವಾಗುತ್ತವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಹೋಟೆಲುಗಳ ಹಳೆಯ ಬಿಲ್ಲುಗಳು, ಪತ್ರಗಳ ತಲೆಬರಹಗಳು, ಫಲಕಗಳ ಛಾಯಾಚಿತ್ರಗಳು ಇವನ್ನು ಈಗಲೇ ಸಂಗ್ರಹಿಸತೊಡಗಿದರೆ ದೊಡ್ಡ ಉಪಕಾರವಾಗುತ್ತದೆ. ಸಂಗ್ರಹಿಸುವಾಗ ಪ್ರತಿಯೊಂದು ಹೋಟೆಲನ್ನೂ ಅದರ ಸರ್ವೆ ನಂಬರಿನ ಕೆಳಗೆ ದಾಖಲಿಸಿ, ಅದು ತೊಟ್ಟ ಹೆಸರುಗಳನ್ನು ವರ್ಷಾನುಕ್ರಮವಾಗಿ ಒಂದರ ಕೆಳಗೊಂದು ಬರೆಯತಕ್ಕುದು.