ಗರಡಿಯಿಂದ ಕಾದಂಬರಿಗೆ

ಐತಿಹಾಸಿಕ ಕಾದಂಬರಿ ಬರೆಯಹೊರಟವನಿಗೆ ಹಳೆಯ ಊರೊಂದು, ಅದಕ್ಕೊಂದು ಪುರಾಣ, ಇಷ್ಟಿದ್ದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಾಗಿದ್ದರೆ ಕೋಲಾರದ ಸೀಮೆ ಕಾದಂಬರಿಕಾರರ ತವರೇ ಆಗಬೇಕಿತ್ತು. ಕೋಲಾರದ ಬೆಟ್ಟಕ್ಕೆ ಪರಶುರಾಮನ ಕಥೆಯಿದೆ. ಗಂಗರು ತಲಕಾಡಿಗೆ ಹೋದ ಮೇಲೂ ಬಿಡದೆ ಹೊತ್ತ ‘ಕುವಳಾಲಪುರವರೇಶ್ವರ’ ಎಂಬ ಬಿರುದು ಈ ಊರಿನದು. ಮುಳಬಾಗಿಲ ಬಳಿಯ ಆವನಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಅಲ್ಲಿಯೇ ಹುಟ್ಟಿದರು ಎನ್ನುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರಿನಲ್ಲಿ ಮಹಾಸತಿಯೊಬ್ಬಳು ಅಡಗಿದ್ದಾಳೆಂದೂ ಹೇಳುವುದುಂಟು. ಆದರೂ ಈ ಮಣ್ಣಿನಲ್ಲಿ ಹುಟ್ಟಿ ಐತಿಹಾಸಿಕ ಕಾದಂಬರಿಗೆ ಕೈಹಾಕಿದವರಲ್ಲಿ ನನಗೆ ಮುಖ್ಯರೆಂದು ತೋರುವ ಇಬ್ಬರೂ ಕಥೆಗಾಗಿ ಬೇರೆಡೆಗೆ ಹೋದರು. ಮಾಸ್ತಿಯವರು ಬಿದನೂರಿಗೂ ಕೊಡಗಿಗೂ ಹೋದರು, ಕೆ. ವಿ. ಅಯ್ಯರ್ ಅವರು ಬೇಲೂರಿಗೆ ಹೋದರು.

ಮಾಸ್ತಿಯವರ ವಿಷಯ ವಾಚಕರಿಗೆ ಗೊತ್ತಿರುವುದೇ. 1956ರಲ್ಲಿ ಹೊರಬಂದ ‘ಚಿಕವೀರ ರಾಜೇಂದ್ರ’ಕ್ಕೆ 1983ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಬಹುಕಾಲ ಕಡತಗಳನ್ನು ನೋಡಿದ ಕಣ್ಣು ಅದು. ಅರಸನ ಪತನವನ್ನು ಕತ್ತಿಯ ಕಾಳಗದಲ್ಲಿ ಹುಡುಕದೆ ಮಂತ್ರಿಗಳ ಮಾತಿನಲ್ಲಿ, ರಾಣಿಯ ಸಹನೆಯಲ್ಲಿ, ಕುಂಟ ಬಸವನ ಮೇಲಿನ ಸಲಿಗೆಯಲ್ಲಿ ಹುಡುಕಿತು. (ಅವರು ‘ಚನ್ನಬಸವನಾಯಕ’ದಲ್ಲಿ ಬರೆದ ಬಿದನೂರನ್ನು 1763ರಲ್ಲಿ ನುಂಗಿದ ಹೈದರಾಲಿ ಹುಟ್ಟಿದ್ದು ಮಾಸ್ತಿಗೆ ಅಷ್ಟೇನೂ ದೂರವಲ್ಲದ ಬೂದಿಕೋಟೆಯಲ್ಲಿ. ಮನೆಯ ಹಿತ್ತಿಲ ಕಥೆ ಊರೆಲ್ಲ ಸುತ್ತಿ ಬಂದಂತಾಯಿತು!)

ಅಯ್ಯರ್ ಅವರ ವಿಷಯ ಹಾಗಲ್ಲ. ಹೊಸ ತಲೆಮಾರಿನವರಿಗೆ ಅವರ ಹೆಸರನ್ನೂ ಹೇಳಿಕೊಡಬೇಕಾಗಿದೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಬಂಡೆಗಲ್ಲುಗಳ ನಡುವೆ ಸಿಗುವ ದೇವರಾಯಸಮುದ್ರ ಅವರ ಹುಟ್ಟೂರು. ಬೆಂಗಳೂರಿಗೆ ಹೋಗಿ ಅವರು ಮಾಡಿದ ಹೆಸರು ಸಾಹಿತಿಯದಲ್ಲ, ವ್ಯಾಯಾಮದ ಗುರುವಿನದು. ಅಂಗಸಾಧನೆಗೆಂದೇ ವ್ಯಾಯಾಮಶಾಲೆ ನಡೆಸಿದರು, ಸೂರ್ಯನಮಸ್ಕಾರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ತಮ್ಮ ಮೈಕಟ್ಟಿನ ಛಾಯಾಚಿತ್ರಗಳಿಂದ ಪಶ್ಚಿಮದ ಪತ್ರಿಕೆಗಳವರನ್ನೂ ಬೆರಗುಗೊಳಿಸಿದರು. ಕೈಲಾಸಂ ಅವರ ಆಪ್ತರಾಗಿ, ರವಿ ಕಲಾವಿದರು ಎಂಬ ನಾಟಕ ತಂಡವನ್ನೂ ಕಟ್ಟಿದರು. 1980ರಲ್ಲಿ ತೀರಿಕೊಂಡ ಈ ಜಟ್ಟಿಯ ಕೈಯಿಂದ ‘ಶಾಂತಲಾ’ ಮತ್ತು ‘ರೂಪದರ್ಶಿ’ ಎಂಬ ಕಾದಂಬರಿಗಳು ಬಂದದ್ದು ಹೇಗೆ?

ಉತ್ತರ ಗರಡಿಯಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ‘ರೂಪದರ್ಶಿ’ಯಲ್ಲಿ ಮೈಕೆಲಾಂಜೆಲೊ ಹುಡುಕುವುದು ಒಂದು ಮುಖವನ್ನು, ಶಿಶು ಏಸುವಿಗೆ ಮಾದರಿಯಾದ ಮಗುವೇ ಬೆಳೆದು ಜೂಡಾಸನಿಗೂ ಮಾದರಿಯಾಗುತ್ತದೆ. ಬಾಳಿದ ಬಾಳು ಮೈಮೇಲೆ ಬರೆದಿರುತ್ತದೆ ಎಂಬುದು ದಿನವೂ ಹುಡುಗರ ಮೈಯನ್ನು ತಿದ್ದಿದವನಿಗೆ ಹೊಳೆಯುವ ಮಾತು. ಬೇಲೂರಿನ ಮದನಿಕೆಯ ಮುಂದೆ ನಾವು ಆಭರಣ ನೋಡುತ್ತೇವೆ, ಸೊಗಸು ಎನ್ನುತ್ತೇವೆ, ಹೋಟೆಲಿಗೆ ನಡೆಯುತ್ತೇವೆ. ಮೈಯ ಭಾರವೆಲ್ಲ ಯಾವ ಕಾಲಿನ ಮೇಲೆ ನಿಂತಿದೆ, ಸೊಂಟದ ಬಾಗಿಗೆ ಬೆನ್ನಿನ ಯಾವ ಸ್ನಾಯು ಹೊಣೆ ಎಂದು ಕೇಳುವವನು ಬೇರೆ. ಅವನಿಗೆ ಆ ಕಲ್ಲು ಕುಣಿದು ಈಗ ತಾನೇ ನಿಂತ ಹೆಂಗಸು. ನಾಟ್ಯದ ರಾಣಿಯನ್ನೇ ಅಯ್ಯರ್ ನಾಯಿಕೆಯಾಗಿ ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ಆದರೆ ಮೆಚ್ಚಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕಾಗಿದೆ. ಶಾಂತಲೆಯ ಮೈಯನ್ನು ಕಲ್ಲಿನಿಂದ ಪಡೆದ ಲೇಖಕರು ಅವಳ ಮನಸ್ಸನ್ನು ಜನರ ಬಾಯಿಂದ ಪಡೆದರು. ಮಕ್ಕಳಿಲ್ಲದ ರಾಣಿ ತನ್ನ ಸ್ಥಾನವನ್ನು ಲಕ್ಷ್ಮಿಗೆ ಬಿಟ್ಟು ಶಿವಗಂಗೆಯಲ್ಲಿ ಪ್ರಾಣ ನೀಗಿದಳೆಂಬ ಐತಿಹ್ಯವೇ ಅವರ ಕಥೆಯ ಬೆನ್ನೆಲುಬು. ಶಾಸನಗಳು ಹೇಳುವುದೇನು? ಅವಳು 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು ಎಂಬಷ್ಟು ಉಂಟು. ಬೆಟ್ಟದಿಂದ ಹಾರಿದ ಮಾತಿಲ್ಲ. ತಾಯಿ ಮಾಚಿಕಬ್ಬೆ ಅನಂತರ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಪ್ರಾಣ ಬಿಟ್ಟಳು. ಶಾಂತಲೆ 1123ರಲ್ಲಿ ಅಲ್ಲಿ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದು ಬಿರುದು ಪಡೆದು, ಅದನ್ನೇ ದೇವರ ಮನೆಗೂ ಇಟ್ಟ ಹೆಣ್ಣು ಇವಳು! ಇಂಥವಳು ಸವತಿಗಾಗಿ ಕಣ್ಣೀರೊರೆಸಿಕೊಂಡು ಹಿಂದೆ ಸರಿದಳೆಂದರೆ ನಾನು ಒಪ್ಪಲಾರೆ. ಸಿ. ಕೆ. ನಾಗರಾಜರಾಯರು 1978ರ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಶಾಸನಗಳನ್ನು ಮುಂದಿಟ್ಟುಕೊಂಡು ಈ ಐತಿಹ್ಯವನ್ನು ನಿರಾಕರಿಸಿದರು. ಅವರ ಕಾದಂಬರಿ ಬಲು ದೀರ್ಘ, ಅಲ್ಲಲ್ಲಿ ಉಪನ್ಯಾಸದಂತೆ ಜಗ್ಗುತ್ತದೆ; ಅವರ ಶಾಂತಲೆ ಮಾತ್ರ ಆಳಬಲ್ಲವಳು. ಅಯ್ಯರ್ ಅವರ ಶಾಂತಲೆ ಕುಣಿಯಬಲ್ಲವಳು. ಮದ್ದಾನೆಯೂ ಆಗಿ ಕುಣಿಯುವ ಶಾಂತಲೆಯನ್ನು ಬರೆಯುವವರು ಇನ್ನೂ ಬರಬೇಕು.

ಇಷ್ಟನ್ನು ಹೇಳಲು ಕಾರಣವಿದೆ. ಶ್ರೀನಿವಾಸಪುರದಿಂದಲೂ ಮಾಲೂರಿನಿಂದಲೂ ಬೆಳಗಿನ ಬಸ್ಸಿಗೆ ನಮ್ಮ ಕಾಲೇಜಿಗೆ ಬರುವ ಹುಡುಗರು ವರ್ಷಕ್ಕೆ ಒಂದೆರಡಾದರೂ ಐತಿಹಾಸಿಕ ಸಾಹಸ ಕಾದಂಬರಿಗಳ ಹಸ್ತಪ್ರತಿಗಳನ್ನು ನನ್ನ ಮೇಜಿನ ಮೇಲೆ ಇಡುತ್ತಾರೆ. ತ. ರಾ. ಸು. ಅವರ ದುರ್ಗದ ಕಾದಂಬರಿಗಳನ್ನು ಓದಿ ಮೈ ಬಿಸಿಯಾದವರು, ಸಂತೋಷವೇ. ಆದರೆ ತ. ರಾ. ಸು. ಅವರಿಗೆ ಚಿತ್ರದುರ್ಗದ ಕಲ್ಲುಕಲ್ಲೂ ನೆಂಟ. ನಮ್ಮ ಹುಡುಗರ ಕೋಟೆಗೆ ಊರಿಲ್ಲ, ರಾಜಕುಮಾರನಿಗೆ ಹಸಿವಿಲ್ಲ. ಗುಡಿಯಿಂದ ಬೆಟ್ಟಕ್ಕೆ ಒಂದು ಸುರಂಗ ಇದ್ದೇ ಇರುತ್ತದೆ, ಅದರ ತುದಿಯಲ್ಲಿ ನಿಧಿ, ನಿಧಿಯ ಮೇಲೆ ಸರ್ಪ. ಪುರಾಣವನ್ನು ಪ್ರಶ್ನಿಸದೆ ತಂದಿಟ್ಟುಕೊಂಡರೆ ಆಗುವುದು ಇಷ್ಟೇ.

ಆವನಿಯನ್ನೇ ನೋಡಿ. ಸೀತೆಯ ಕಥೆ ಎಷ್ಟು ಗಟ್ಟಿಯಾಗಿದೆಯೆಂದರೆ ಅದರ ಕೆಳಗೆ ಮತ್ತೊಂದು ಕಥೆ ಕೇಳಿಸುವುದೇ ಇಲ್ಲ. ಹತ್ತನೆಯ ಶತಮಾನದಲ್ಲಿ, ನೊಳಂಬರ ಕಾಲಕ್ಕೆ, ತ್ರಿಭುವನಕರ್ತನೆಂಬ ಶೈವ ಯತಿ ಆ ಸ್ಥಾನವನ್ನು 40 ವರ್ಷ ಆಳಿ 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ರೈಸ್ ಸಾಹೇಬರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹತ್ತನೆಯ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದು. ಎಲ್ಲವನ್ನೂ ಬಿಟ್ಟವನಿಗೆ ಕಟ್ಟುವ ಇಂಥ ಹಂಬಲ ಎಲ್ಲಿಂದ ಬಂತು? ಆಳು ಯಾರು, ಕೂಲಿ ಏನು, ಕೆರೆಗೆ ಯಾರ ಹೊಲ ಮುಳುಗಿತು? ಇದಕ್ಕಿಂತ ದೊಡ್ಡ ಸಾಹಸ ಯಾವ ಸುರಂಗದಲ್ಲಿದೆ?

ಈ ವರ್ಷ ಹಸ್ತಪ್ರತಿ ಕೊಟ್ಟ ಹುಡುಗರಲ್ಲಿ ಒಬ್ಬನ ಮನೆತನ ನೀರುಗಂಟಿಯದು. ಅಜ್ಜನ ಕಾಲದವರೆಗೂ ಊರ ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚಿದವರು. ಅವನ ಕಾದಂಬರಿಯಲ್ಲಿಯೂ ಸುರಂಗವಿದೆ, ಸರ್ಪವೂ ಇದೆ. ನಡುವೆ ಒಂದು ಕಡೆ ಮಾತ್ರ ರಾಜಕುಮಾರ ರಾತ್ರಿಯ ಮಳೆಯಲ್ಲಿ ಕೆರೆಯ ಏರಿಯ ಮೇಲೆ ಓಡುತ್ತಾನೆ. ಕೋಡಿ ಹರಿಯುವ ಸದ್ದು ಬದಲಾದುದನ್ನು ಕೇಳಿ ನಿಲ್ಲುತ್ತಾನೆ. ಏರಿ ಒಡೆಯಲಿದೆಯೆಂದು ಅವನಿಗೆ ಗೊತ್ತಾಗುತ್ತದೆ. ತೂಬನ್ನು ಎತ್ತಲು ನೀರಿಗಿಳಿಯುತ್ತಾನೆ. ಎರಡೇ ಪುಟ. ಅವನ್ನು ಉಳಿಸಿಕೊಂಡು ಉಳಿದದ್ದನ್ನು ಹೊಸದಾಗಿ ಬರೆಯಪ್ಪಾ ಎಂದು ಹೇಳಿ, ಹತ್ತನೆಯ ಸಂಪುಟವನ್ನು ಅವನ ಕೈಗೆ ಕೊಟ್ಟು ಕಳುಹಿಸಿದ್ದೇನೆ.